ಕೊಸರು ಕೊಡುವ ಕಾರ್ಡು

ಮಸಗುಪ್ಪಿಯ ಫಕೀರವ್ವ ಬಂದಳೆಂದರೆ ಮೂಡಲಗಿ ಸಂತೆಯ ಕಾಯಿಪಲ್ಲೆಯವರು ಸೆರಗು ಬಿಗಿದು ಕೂರುತ್ತಿದ್ದರು. ದರಕ್ಕೆ ಜಗಳ ತೆಗೆಯುವ ಹೆಂಗಸಲ್ಲ ಅವಳು, ತಕ್ಕಡಿಯನ್ನು ಅನುಮಾನಿಸುವವಳೂ ಅಲ್ಲ. ಅವರಿಗಿದ್ದ ದಿಗಿಲೆಲ್ಲ ಅವಳು ಒಯ್ಯುವ ಕೊಸರಿನದು. ತೂಕ ಮುಗಿದು ದುಡ್ಡು ಸಂದಾಯವಾದ ಮೇಲೆ, ಪ್ರೀತಿಗೋ ಪೀಡೆ ತೊಲಗಲೆಂದೋ ಮಾರುವವರು ಮೇಲಿಂದ ಹಾಕುವ ಒಂದು ಹಿಡಿ ಮೆಣಸಿನಕಾಯಿ, ನಾಲ್ಕು ಎಸಳು ಕೊತ್ತಂಬರಿ ಇರುತ್ತದಲ್ಲ, ಅದು ಉಳಿದವರಿಗೆ ಸಿಕ್ಕರೆ ಸಿಕ್ಕಿತು. ಫಕೀರವ್ವನಿಗೆ ಸಿಗದೇ ಇದ್ದ ದಿನವೇ ಇಲ್ಲ.

ಹಾಗಂತ ಅವಳು ಬಾಯಿಬಿಟ್ಟು ಕೇಳಿದ್ದನ್ನು ಕಂಡವರೂ ಇಲ್ಲ. ದುಡ್ಡು ಕೊಡುವಳು, ಚೀಲದ ಬಾಯಿ ಮಾತ್ರ ಮುಚ್ಚುವುದಿಲ್ಲ. ಚೀಲವನ್ನು ಹಾಗೇ ತೆರೆದು ಹಿಡಿದುಕೊಂಡು ಮಾರುವವಳ ಮಗಳ ಬಾಣಂತನ ಹೇಗಾಯಿತೆಂದು ವಿಚಾರಿಸುವಳು, ಮೊಮ್ಮಗನ ತೂಕ ಕೇಳುವಳು, ಬೀಗರ ಗುಣಾವಗುಣಕ್ಕೆ ಬರುವಳು. ಹಿಂದೆ ನಿಂತ ಗಿರಾಕಿಗಳು ಗೊಣಗಲು ಶುರುಮಾಡುವ ಹೊತ್ತಿಗೆ ಮಾರುವವಳ ಕೈ ತಾನಾಗಿಯೇ ಮೆಣಸಿನಕಾಯಿ ರಾಶಿಗೆ ಹೋಗುತ್ತಿತ್ತು. ಮೂವತ್ತು ವರ್ಷದಿಂದ ಅವಳ ಖಾಯಂ ಅಂಗಡಿಯಾದ ಸುಂದ್ರವ್ವನಂತೂ ಈಚೆಗೆ ಮೊದಲೇ ಕೊಸರು ಹಾಕಿ ಆಮೇಲೆ ತೂಗತೊಡಗಿದ್ದಳು. ಹೊತ್ತಾದರೂ ಉಳಿಯಲಿ ಎಂಬುದು ಪಾಪ, ಅವಳ ಲೆಕ್ಕ.

ಇಂಥ ಫಕೀರವ್ವನ ಸಂತೆಗೇ ಸಂಚಕಾರ ಬಂತು. ಹಿಂದಿನ ತಿಂಗಳು ಬಸ್ಸಿನಿಂದ ಇಳಿಯುವಾಗ ಅವಳ ಮೊಣಕಾಲು ಉಳುಕಿ, ಚೀಲ ಕೈತಪ್ಪಿ, ಉಳ್ಳಾಗಡ್ಡಿ ರಸ್ತೆಯ ತುಂಬ ಉರುಳಿದ್ದವು. ಅವಳು ಕಾಲಿನ ನೋವು ಬಿಟ್ಟು ಉಳ್ಳಾಗಡ್ಡಿಯ ಬೆನ್ನು ಹತ್ತಿದ ಸುದ್ದಿಯನ್ನು ಊರವರು ಮಗನಿಗೆ ಮುಟ್ಟಿಸಿದರು. ಮಗ ಶಿವಾನಂದ ಗೋಕಾಕದ ಒಂದು ಹೈಸ್ಕೂಲಿನಲ್ಲಿ ಮಾಸ್ತರ. ದಿನಾ ಮೋಟಾರು ಸೈಕಲ್ಲಿನಲ್ಲಿ ಹೋಗಿ ಬರುವವನು. ಗಣಿತ ಕಲಿಸುವವರಿಗೆ ಎಲ್ಲದಕ್ಕೂ ಒಂದು ಉತ್ತರ ಇದ್ದೇ ಇರಬೇಕೆಂಬ ಹಟ ಇರುತ್ತದೆ. ಅವನಿಗೆ ಉತ್ತರ ಸಿಕ್ಕಿದ್ದು ಸ್ಟಾಫ್ ರೂಮಿನಲ್ಲಿ. ಅಲ್ಲಿ ಎಲ್ಲರ ಕಿಸೆಯಲ್ಲೂ ರಿವಾರ್ಡ್ ಕೊಡುವ ಕ್ರೆಡಿಟ್ ಕಾರ್ಡು. ದಿನದ ಖರ್ಚನ್ನು ಅದರಲ್ಲಿ ಮಾಡಿದರೆ ಪಾಯಿಂಟು ಬರುತ್ತವಂತೆ, ಪಾಯಿಂಟು ಕೂಡಿದರೆ ಸಾಮಾನು ಬರುತ್ತವಂತೆ. ವಿಜ್ಞಾನದ ಮಾಸ್ತರರು ಬರೀ ಪಾಯಿಂಟಿನ ಮೇಲೆ ಮಿಕ್ಸರ್ ತಂದಿದ್ದರು.

ಶಿವಾನಂದ ಮನೆಗೆ ಬಂದು ಠರಾವು ಹೊರಡಿಸಿದ. ಒಂದು ಕಾರ್ಡು ಮಾಡಿಸುವುದು. ಮನೆಯ ಸಂತೆಯನ್ನೆಲ್ಲ ಗೋಕಾಕದ ದೊಡ್ಡ ಮಾರ್ಟಿನಲ್ಲಿ ತಾನೇ ಮಾಡಿಕೊಂಡು ಬರುವುದು. ಅವ್ವನ ಮೊಣಕಾಲಿಗೆ ವಿಶ್ರಾಂತಿ, ಮನೆಗೆ ಪಾಯಿಂಟು. ಹಂಚಿಕೆಯಲ್ಲಿ ಎಲ್ಲಿಯೂ ತಪ್ಪಿರಲಿಲ್ಲ, ಅದರಲ್ಲಿ ಫಕೀರವ್ವ ಎಲ್ಲಿಯೂ ಇರಲಿಲ್ಲ ಎಂಬುದೊಂದನ್ನು ಬಿಟ್ಟರೆ. ವಾರವಿಡೀ ಕುರಿಹಟ್ಟಿ, ಒಲೆ, ಕಸಬರಿಗೆ ಅಂತ ಸವೆಯುವವಳಿಗೆ ಸಂತೆಯ ಆ ಎರಡು ಮೂರು ತಾಸಷ್ಟೇ ತನ್ನವು. ಅವೂ ಹೋದರೆ ಅವಳಿಗೆ ಉಳಿಯುವುದೇನು? ಅತ್ತರೆ ಮೊಣಕಾಲು ನೋಯುತ್ತಿದೆ ಅಂದುಕೊಳ್ಳುತ್ತಾರೆ, ಜಗಳ ಮಾಡಿದರೆ ವಯಸ್ಸಾಯಿತು ಅನ್ನುತ್ತಾರೆ. ಫಕೀರವ್ವ ಎರಡನ್ನೂ ಮಾಡಲಿಲ್ಲ.

"ತಗೋಪಾ ತಮ್ಮಾ, ಕಾರ್ಡ ತಗೋ," ಅಂದಳು. "ಖರೆ, ಆರ್ಸಾಕಿ ನಾನು. ಈ ಮನಿಗೆ ಬದನಿಕಾಯಿ ಆರಿಸಿದಾಕಿ ನಾನು, ಸೊಸಿನ್ನ ಆರಿಸಿದಾಕಿ ನಾನು. ಯಾವುದಾರ ಹುಳಕ ಬಂದೈತೇನು?"

ಹೆಂಡತಿಯ ಎದುರಿಗೆ ಈ ಮಾತಿಗೆ ಎದುರಾಡುವಷ್ಟು ದಡ್ಡನಲ್ಲ ಶಿವಾನಂದ. ಬಣ್ಣ ನೋಡಿ ಯಾವುದೋ ಒಂದನ್ನು ತೋರಿಸುತ್ತಾಳೆ ಬಿಡು ಎಂದುಕೊಂಡು ಹೂಂ ಅಂದ.

ಸಂಜೆ ಮೂರು ಕಾರ್ಡುಗಳ ಚೀಟಿಗಳನ್ನು ಹರವಿಕೊಂಡು ಸೊಸೆ ಅರ್ಚನಾ ಓದಿ ಹೇಳಲು ಕೂತಳು. ಹುಕ್ಕೇರಿ ತಾಲೂಕಿನ ದಡ್ಡಿ ಎಂಬ ಊರಿನ ಹುಡುಗಿ. ಮೂಡಲಗಿಯಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ಸಣ್ಣ ಅಕ್ಷರ ಬಿಡದೆ ಓದುವುದು ಅವಳಿಗೆ ಅಭ್ಯಾಸ. ಮೊದಲನೆಯದು ಪೆಟ್ರೋಲಿಗೆ ಹೆಚ್ಚು ಪಾಯಿಂಟು ಕೊಡುವಂಥದ್ದು. ಎರಡನೆಯದಕ್ಕೆ ಸಿನಿಮಾ, ವಿಮಾನ, ವಿಮಾನ ನಿಲ್ದಾಣದಲ್ಲಿ ಪುಕ್ಕಟೆ ಊಟ. ಆ ಊಟಕ್ಕೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಫಕೀರವ್ವ ಗಂಭೀರವಾಗಿ ಕೇಳಿದಳು. ಮೂರನೆಯದು ಮಾರ್ಟಿನದೇ ಕಾರ್ಡು. ಅಲ್ಲೇ ಖರೀದಿ ಮಾಡಿದರೆ ನಾಲ್ಕು ಪಟ್ಟು. ಶಿವಾನಂದನ ಕಣ್ಣೆಲ್ಲ ಅದರ ಮೇಲೆಯೇ ಇತ್ತು.

ಆಗತಾನೆ ಕುರಿ ಹೊಡೆದುಕೊಂಡು ಬಂದ ಯಜಮಾನ ಬೀರಸಿದ್ದಪ್ಪ ಕಂಬಳಿ ಕೊಡವುತ್ತ ಒಂದೇ ಪ್ರಶ್ನೆ ಕೇಳಿದ. "ಅದಕ್ಕ ವರ್ಷದ ಮೇವು ಎಷ್ಟ ಹಾಕಬೇಕು?"

ಅರ್ಚನಾ ನಗುತ್ತ ವರ್ಷದ ಫೀ ಓದಿ ಹೇಳಿದಳು. ಇಷ್ಟು ಸಾವಿರದ ಮೇಲೆ ಖರ್ಚು ಮಾಡಿದರೆ ಫೀ ಮಾಫ್ ಅಂತೆ ಎಂದೂ ಸೇರಿಸಿದಳು. ಹಾಗಿದ್ದರೆ ಈ ವರ್ಷವೇ ಹೊಸ ಟಿವಿ ತಂದುಬಿಟ್ಟರೆ ಫೀಯೂ ಉಳಿಯಿತು, ಪಾಯಿಂಟೂ ಬಂತಲ್ಲ ಎಂದು ಶಿವಾನಂದ ಹುರುಪಿನಿಂದ ಲೆಕ್ಕ ಹಾಕತೊಡಗಿದ.

"ನಮ್ಮ ಕುರಿ ರಾತ್ರಿ ಮಂದಿ ಹೊಲದಾಗ ಮಲಗಿದ್ರ ಹಿಕ್ಕಿಗೆ ಅವರು ಜ್ವಾಳ ಕೊಡತಾರ," ಅಂದಳು ಫಕೀರವ್ವ. "ಹೆಂಗೂ ಹಾಕೂ ಹಿಕ್ಕಿ, ಬಂದಷ್ಟ ಲಾಭ. ಹಂಗಂತ ಹಿಕ್ಕಿ ಹೆಚ್ಚ ಬೀಳ್ಲಿ ಅಂತ ಕುರಿಗೆ ಗೋದಿ ತಿನಸ್ತೀಯೇನೋ?"

ಟಿವಿ ಅಲ್ಲಿಗೇ ನಿಂತಿತು. ರಿವಾರ್ಡು ಎಂದರೇನು ಎಂದು ಸ್ಟಾಫ್ ರೂಮಿನಲ್ಲಿ ಮೂರು ದಿನ ಚರ್ಚೆ ಮಾಡಿಯೂ ಯಾರಿಗೂ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ. ಆದರೂ ಕಣ್ಣಾರೆ ಕಾಣದೆ ಯಾವುದನ್ನೂ ಒಪ್ಪುವವಳಲ್ಲ ತಾನು, ಮಾರ್ಟಿಗೆ ಕರೆದುಕೊಂಡು ಹೋಗು ಎಂದಳು ಫಕೀರವ್ವ.

ಮುಂದಿನ ರವಿವಾರ ಅವ್ವ, ಮಗ, ಸೊಸೆ ಮೂವರೂ ಗೋಕಾಕಕ್ಕೆ ಹೋದರು. ಮಾರ್ಟಿನ ತಂಪು, ಬೆಳಕು, ಸಾಲಾಗಿ ಜೋಡಿಸಿಟ್ಟ ಬದನೆಕಾಯಿ ಎಲ್ಲವನ್ನೂ ಫಕೀರವ್ವ ಹೊಗಳಿದಳು. ಮಗ ಹಿಗ್ಗಿದ. ತೂಕವಾಯಿತು, ಬಿಲ್ಲಾಯಿತು, ದುಡ್ಡು ಕೊಟ್ಟದ್ದಾಯಿತು. ಫಕೀರವ್ವ ಮಾತ್ರ ಕೌಂಟರು ಬಿಟ್ಟು ಕದಲಲಿಲ್ಲ. ಚೀಲ ತೆರೆದು ಹಿಡಿದು, ಕೌಂಟರಿನ ಹುಡುಗಿಗೆ ಯಾವ ಊರು, ತಾಯಿ ಆರಾಮ ಇದ್ದಾಳೇನು, ಲಗ್ನ ಗೊತ್ತಾಗಿದೆಯೇ ಎಂದು ಕೇಳುತ್ತ ನಿಂತಳು. ಹುಡುಗಿ ತಬ್ಬಿಬ್ಬಾಗಿ ಬಿಲ್ಲು ಮತ್ತೊಮ್ಮೆ ಕೊಟ್ಟಳು. ಹಿಂದಿನ ಸಾಲು ಗೊಣಗಿತು. ಮೂಡಲಗಿಯಲ್ಲಾಗಿದ್ದರೆ ಈ ಗೊಣಗಾಟಕ್ಕೆ ಮೆಣಸಿನಕಾಯಿ ಬೀಳಬೇಕಿತ್ತು. ಇಲ್ಲಿ ಏನೂ ಬೀಳಲಿಲ್ಲ. ಈ ಹುಡುಗಿಗೆ ಇನ್ನೂ ರೂಢಿಯಿಲ್ಲ ಎಂದುಕೊಂಡ ಫಕೀರವ್ವ, ತಾನೇ ಹೋಗಿ ರಾಶಿಯಿಂದ ಒಂದು ಹಿಡಿ ಮೆಣಸಿನಕಾಯಿ, ಒಂದಿಷ್ಟು ಕರಿಬೇವು ತೆಗೆದು ಚೀಲಕ್ಕೆ ಹಾಕಿಕೊಂಡು ರಾಜಾರೋಷವಾಗಿ ಬಾಗಿಲ ಕಡೆ ನಡೆದಳು.

ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. ಬಿಲ್ಲಿನಲ್ಲಿ ಮೆಣಸಿನಕಾಯಿ ಇಲ್ಲವಲ್ಲ ಎಂದ. ಕೊಸರಿಗೆ ಬಿಲ್ಲು ಮಾಡುವ ಊರು ಯಾವುದಪ್ಪ ಎಂದು ಫಕೀರವ್ವ ಅವನನ್ನೇ ಕೇಳಿದಳು. ಅಷ್ಟರಲ್ಲಿ ಶಿವಾನಂದನ ಹತ್ತನೇ ಇಯತ್ತೆಯ ಇಬ್ಬರು ಹುಡುಗಿಯರು ಎದುರಿಗೇ ಬಂದು ನಮಸ್ಕಾರ ಸರ್ ಅಂದರು. ಮಾಸ್ತರನ ಮುಖ ನೋಡುವ ಹಾಗಿರಲಿಲ್ಲ.

ಕಾಪಾಡಿದವನು ಬಾಗಿಲ ಬಾಜೂ ಮೇಜು ಹಾಕಿಕೊಂಡು ಕಾರ್ಡು ಮಾಡಿಸುತ್ತಿದ್ದ ಗುರುಪಾದ. ಕೊರಳಲ್ಲಿ ಟೈ, ಕಾಲಲ್ಲಿ ಚಪ್ಪಲಿ. ಕಾವಲುಗಾರನನ್ನು ಸಮಾಧಾನ ಮಾಡಿ, ಮೆಣಸಿನಕಾಯಿ ತಿರುಗಿ ಇಡಿಸಿ, ಮೂವರಿಗೂ ಕುರ್ಚಿ ಕೊಟ್ಟ.

"ಅವ್ವಾರ, ಇಲ್ಲೆ ಕೊಸರು ಕೈಯಾಗ ಕೊಡೂದಿಲ್ರಿ. ಕಾರ್ಡಿನ್ಯಾಗ ಬರತೈತ್ರಿ, ಮುಂದಿನ ತಿಂಗಳ."

"ಮುಂದಿನ ತಿಂಗಳಾ? ಅಷ್ಟೊತ್ತಿಗೆ ಕೊತಂಬರಿ ಒಣಗಿ ದನಾ ಸುದ್ದಾ ತಿನ್ನೂದಿಲ್ಲಪಾ."

ಗುರುಪಾದ ಎದೆಗುಂದದೆ ಮಾರ್ಟಿನ ಕಾರ್ಡನ್ನು ಹೊಗಳತೊಡಗಿದ. ಫಕೀರವ್ವ ಅವನ ಬಾಯಿ ನೋಡದೆ ಅವನ ಕಾಲ ಬುಡದಲ್ಲಿದ್ದ ಚೀಟಿಗಳ ಚೀಲವನ್ನೇ ನೋಡುತ್ತಿದ್ದಳು. ಮಾರುವವರು ಬಾಯಿ ತುಂಬ ಹೊಗಳುವ ಕಾಯಿ ಮೇಲಿರುತ್ತದೆ, ಒಳ್ಳೆಯ ಕಾಯಿ ಬುಡದಲ್ಲಿರುತ್ತದೆ. ಮೂವತ್ತು ವರ್ಷದ ಸಂತೆ ಅವಳಿಗೆ ಕಲಿಸಿದ್ದು ಇದನ್ನೇ. ಚೀಲ ಬಗ್ಗಿಸು ಎಂದಳು. ಅವನು ನಕ್ಕ. ಅವಳು ನಗಲಿಲ್ಲ. ಕೊನೆಗೆ ಅವನು ಚೀಲದ ತಳದಿಂದ ಮುದುಡಿದ ನಾಲ್ಕನೆಯ ಚೀಟಿಯೊಂದನ್ನು ತೆಗೆದ. ಫೀ ಇಲ್ಲ, ವಿಮಾನವಿಲ್ಲ, ಸಿನಿಮಾ ಇಲ್ಲ, ಪಾಯಿಂಟೂ ಅಷ್ಟಕ್ಕಷ್ಟೇ. ಆದರೆ ಫೋನಿಗೆ ಜೋಡಿಸಿಕೊಂಡರೆ ಅಂಗಡಿಯವರು ಇಟ್ಟುಕೊಂಡ ಸ್ಕ್ಯಾನರಿಗೆಲ್ಲ ನಡೆಯುತ್ತದೆ. ಇದನ್ನು ಮಾಡಿಸಿದರೆ ಗುರುಪಾದನಿಗೆ ಕಮಿಷನ್ನು ಕಡಿಮೆ. ಅದಕ್ಕೇ ಅದು ತಳದಲ್ಲಿತ್ತು.

"ಮೂಡಲಗಿ ಸಂತಿಯೊಳಗ ಸುಂದ್ರವ್ವ ಒಂದ ಸ್ಕ್ಯಾನರ ಇಟ್ಟಾಳ. ಅಲ್ಲೆ ನಡಿತೈತಿ?"

ನಡೆಯುತ್ತದೆ ಎಂದ ಗುರುಪಾದ. ಅಲ್ಲಿಗೆ ಅರ್ಧ ಗೆದ್ದಂತಾಯಿತು. ಉಳಿದರ್ಧಕ್ಕೆ ಫಕೀರವ್ವ ಮುಖ ಸಣ್ಣದು ಮಾಡಿಕೊಂಡು ಇನ್ನೊಂದು ಪ್ರಶ್ನೆ ಹಾಕಿದಳು. ಕಾರ್ಡು ಯಾರ ಹೆಸರಲ್ಲಿದೆಯೋ ಅವರ ಫೋನೇ ಬೇಕೋ, ಅವರ ಗುಟ್ಟಿನ ನಂಬರೇ ಬೇಕೋ, ಅಂದರೆ ಅವರು ಖುದ್ದು ಸಂತೆಗೆ ಬರಲೇಬೇಕೋ? ಹೌದೆಂದ. ಅಯ್ಯೋ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ತಿರುಗಿಸಿ ಕೇಳಿದಳು. ಹೌದೆಂದ. ಅಯ್ಯೋ ಪಾಪ ಎಂದಳು. ಮೂರನೇ ಸಲಕ್ಕೆ ಅರ್ಚನಾ ಅತ್ತೆಯ ಮುಖವನ್ನು ಒಮ್ಮೆ ಸರಿಯಾಗಿ ನೋಡಿದಳು.

ಶಿವಾನಂದನಿಗೆ ಇನ್ನೂ ಬೆಳಕು ಬಿದ್ದಿರಲಿಲ್ಲ. ಗಣಿತದವನಲ್ಲವೇ, ಸುಲಭದ ದಾರಿ ಹುಡುಕಿದ. "ಹಂಗಾರ ಅರ್ಚನಾನ ಹೆಸರಲೆ ಮಾಡಸೂಣು. ಆಕಿ ಮೂಡಲಗ್ಯಾಗ ಇರತಾಳ. ಡ್ಯೂಟಿ ಮುಗಿಸಿ ಸಂತಿಗೆ ಬರತಾಳ."

ಮೇಜಿನ ಕೆಳಗೆ ಫಕೀರವ್ವನ ಹೆಬ್ಬೆರಳು ಸೊಸೆಯ ಪಾದದ ಮೇಲೆ ಕೂತಿತು. ಒಳ್ಳೆಯ ಕಾಲಿನ ಹೆಬ್ಬೆರಳು; ಭಾರವಾಗಿಯೇ ಕೂತಿತು.

"ನನ್ನ ಪಗಾರಕ್ಕ ಈ ಕಾರ್ಡ ಕೊಡಾಂಗಿಲ್ಲಂತ್ರಿ," ಎಂದಳು ಅರ್ಚನಾ, ಗುರುಪಾದನನ್ನು ದಿಟ್ಟಿಸುತ್ತ. "ಹೌದಲ್ರಿ?"

ಗುರುಪಾದ ಅತ್ತೆಯನ್ನು ನೋಡಿದ, ಸೊಸೆಯನ್ನು ನೋಡಿದ. ದಿನಕ್ಕೆ ನೂರು ಮುಖ ಓದಿ ಹೊಟ್ಟೆ ಹೊರೆಯುವವನು. ಕೊಡುವುದಿಲ್ಲ ಎಂದು ತಲೆಯಾಡಿಸಿದ. ಆರಿಸುವವಳು ಅವ್ವನೇ ಎಂದು ಮೊದಲೇ ಒಪ್ಪಿಯಾಗಿತ್ತು; ಶಿವಾನಂದ ಗೊಣಗುತ್ತಲೇ ತನ್ನ ಹೆಸರಲ್ಲೇ ಸಹಿ ಹಾಕಿದ. ತನಗೆ ಮೊಣಕಾಲು ನೋವಿರುವಾಗ ಚೀಲ ಹೊರುವವರಾದರೂ ಒಬ್ಬರು ಬೇಕಿತ್ತಲ್ಲ, ದೇವರು ದೊಡ್ಡವನು ಎಂದು ಫಕೀರವ್ವ ನಿಟ್ಟುಸಿರು ಬಿಟ್ಟಳು.

ಈಗ ಸಂತೆಯ ದಿನ ಸಾಲೆ ಬಿಟ್ಟ ಕೂಡಲೇ ಮಾಸ್ತರನ ಮೋಟಾರು ಸೈಕಲ್ಲು ಮಸಗುಪ್ಪಿಗೆ ಬಂದು, ಅವ್ವನನ್ನು ಹಿಂದೆ ಕೂರಿಸಿಕೊಂಡು ಮೂಡಲಗಿಗೆ ಹೋಗುತ್ತದೆ. ಮೊದಲೆರಡು ವಾರ ಅವನು ಗಡಿಯಾರ ನೋಡುತ್ತ ನಿಂತಿದ್ದ. ಮೂರನೇ ವಾರ ಚೌಳಿಕಾಯಿ ಮುರಿದು ನೋಡುವುದನ್ನು ಕಲಿತ. ನಾಲ್ಕನೇ ವಾರ ಅವ್ವನ ಜೊತೆ ಕಲ್ಲಿನ ಮೇಲೆ ಕೂತು ಬಿಸಿ ಮಿರ್ಚಿ ಭಜಿ ತಿಂದ. ಚಿಕ್ಕಂದಿನಲ್ಲಿ ಇದೇ ಕಲ್ಲಿನ ಮೇಲೆ ಖಾರ ಹತ್ತಿ ಅತ್ತದ್ದನ್ನು ಅವಳು ನೆನಪಿಸಿದಳು. ಅವನು ನಕ್ಕ; ಅವಳು ಭಜಿ ಬಿಟ್ಟು ಆ ಮುಖವನ್ನೇ ನೋಡಿದಳು. ಸಾಲೆ, ನೌಕರಿ, ಲಗ್ನ ಅಂತ ಹದಿನೈದು ವರ್ಷ ಮಗನ ಬೆನ್ನನ್ನಷ್ಟೇ ನೋಡಿದವಳು ಅವಳು.

ತಿಂಗಳು ತುಂಬಿದ ಮೇಲೆ ಸುಂದ್ರವ್ವನ ಅಂಗಡಿಯ ಮುಂದೆಯೇ ಅವನ ಫೋನಿಗೆ ಪಾಯಿಂಟಿನ ಸಂದೇಶ ಬಂತು. ಎಲ್ಲಾ ಕೂಡಿ ಒಂದು ಸಿವುಡು ಕೊತ್ತಂಬರಿಯ ಬೆಲೆ. ಮಾರ್ಟಿನ ಕಾರ್ಡಾಗಿದ್ದರೆ ನಾಲ್ಕು ಪಟ್ಟು ಬರುತ್ತಿತ್ತು ಎಂದು ಅವನು ಅವ್ವನಿಗೆ ತಿಳಿಸಿ ಹೇಳಿದ. ಅವಳು ಹೌದೇನಪ್ಪ ಎಂದು ಬಹಳ ನೊಂದುಕೊಂಡಳು.

ಸುಂದ್ರವ್ವ ತಕ್ಕಡಿ ಕೆಳಗಿಟ್ಟು ಗೆಳತಿಯ ಕಿವಿಗೆ ಬಾಗಿದಳು. "ಖರೆ ಹೇಳ ಫಕೀರಕ್ಕಾ, ಅಷ್ಟ ಊರ ತಿರುಗಿ ಆರಿಸಿದ ಕಾರ್ಡು. ಕೊಸರು ಏನ ಕೊಟ್ಟಿತು?"

"ಅಕಾ ನೋಡು," ಅಂದಳು ಫಕೀರವ್ವ, ಮಗನ ಕಡೆ ಗದ್ದ ಎತ್ತಿ. "ಚೀಲಾ ಹಿಡಕೊಂಡ ನಿಂತೈತಿ."

ಸುಂದ್ರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಿವಾನಂದನಿಗೆ ಅದೇನೂ ಕೇಳಿಸಿರಲಿಲ್ಲ. ದುಡ್ಡು ಸಂದಾಯವಾಗಿತ್ತು, ಹಿಂದಿನವರು ಗೊಣಗುತ್ತಿದ್ದರು, ಅವನು ಮಾತ್ರ ಚೀಲದ ಬಾಯಿ ತೆರೆದು ಹಿಡಿದುಕೊಂಡು, ಸುಂದ್ರವ್ವನ ಮಗಳ ಕೂಸಿಗೆ ಹಲ್ಲು ಬಂದವೇನು ಎಂದು ಕೇಳುತ್ತಿದ್ದ.