ಹಾದರೆ ಎಂಬ ಮರಾಠಿ ಮಾತು

ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಒಬ್ಬ ಹೆಣ್ಣುಮಗಳು ಡಬ್ಬಿ ಊಟ ತಯಾರಿಸಿ ಮನೆಮನೆಗೆ ಕೊಡುತ್ತಾಳೆ. ಕೊಯ್ನಾ ಅಣೆಕಟ್ಟಿನ ಕಡೆಯ ಹಳ್ಳಿಯವಳು, ಗಂಡ ತೀರಿದ ಮೇಲೆ ನಾಗಪುರಕ್ಕೆ ಬಂದವಳು. ಆ ಡಬ್ಬಿಗಳಿಂದಲೇ ಅವಳ ಸಂಸಾರ ನಡೆಯಬೇಕು. ಅದಕ್ಕೆ ಕಲ್ಲು ಹಾಕಿದವನು ನಾನು.

ಮಗನಿಗೆ ರೈಲ್ವೆಯಲ್ಲಿ ಇಲ್ಲಿಗೆ ವರ್ಗವಾದಾಗ ನಾನೂ ಗದಗ ಬಿಟ್ಟು ಬಂದೆ. ನನ್ನ ಮರಾಠಿ ಅರೆಬರೆ. ಒಂದು ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಅವಳು ಫೋನಿನಲ್ಲಿ ನಗುತ್ತಾ ಹೇಳಿದ್ದು ಕಿವಿಗೆ ಬಿತ್ತು: “ಆಮ್‌ಚ್ಯಾ ಗಾವಾತ್ ರೋಜ್ ಹಾದರೆ. ಸವಯ್ ಝಾಲೀ.” ಗಾವ್ ಅಂದರೆ ಊರು, ರೋಜ್ ಅಂದರೆ ದಿನವೂ, ಸವಯ್ ಅಂದರೆ ರೂಢಿ. ಉಳಿದ ‘ಹಾದರೆ’ಯನ್ನು ಕನ್ನಡದ ಹಾದರವೇ ಎಂದುಕೊಂಡೆ. ಅದೇ ಸಂಜೆ ಅವಳಿಂದ ಡಬ್ಬಿ ತರಿಸುತ್ತಿದ್ದ ಕನ್ನಡದವರ ಮುಂದೆ ಆಡಿಯೂಬಿಟ್ಟೆ: “ಆ ಹೆಣ್ಮಗಳು ಸರಿ ಇಲ್ರಿ. ಆಕೀನ ಬಾಯಿಬಿಟ್ಟು ಹೇಳ್ಯಾಳ.” ಮೂರು ಮನೆಯವರು ಡಬ್ಬಿ ನಿಲ್ಲಿಸಿದರು.

ಯಾಕೆ ನಿಲ್ಲಿಸಿದರೆಂದು ಸೊಸೆ ಕೇಳಿದಾಗ ಇದ್ದದ್ದನ್ನು ಹೇಳಿದೆ.

“ಅಯ್ಯ, ಮಾವಾರ! ಮರಾಠಿಯೊಳಗ ಹಾದರೆ ಅಂದ್ರ ನೆಲ ನಡುಗೋದು. ಆಕಿ ಭೂಕಂಪದ ಮಾತು ಆಡ್ಯಾಳ!” ಅವಳಿಗೆ ನಗು ಬರಲಿಲ್ಲ. ಆಮೇಲೆ ಎರಡು ದಿನ ನನ್ನ ಮುಖ ನೋಡಲಿಲ್ಲ.

ದಿನಾ ಭೂಕಂಪ ಅಂದರೆ ಯಾರು ನಂಬುತ್ತಾರೆ? ಇಲ್ಲಿ ಲೋಟ ಕೂಡ ಅಲುಗಿದ್ದನ್ನು ಕಂಡವರಿಲ್ಲ. ನಾನು ಓದಿದ್ದು ಹೈಸ್ಕೂಲಿನವರೆಗೆ. ಆದರೂ ಆ ಮೂರು ಮನೆಗಳಿಗೆ ತಿಳಿದುಕೊಂಡೇ ಹೋಗಬೇಕೆಂದು ಸೊಸೆಯಿಂದಲೇ ಪಾಠ ಹೇಳಿಸಿಕೊಂಡೆ; ಅವಳು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಭೂಮಿಯ ಹೊರಪದರ ಒಂದೇ ತುಂಡಲ್ಲ. ದೊಡ್ಡ ದೊಡ್ಡ ತುಂಡುಗಳಾಗಿ ಬಹಳ ನಿಧಾನ ಸರಿಯುತ್ತಿರುತ್ತದೆ. ಎರಡು ತುಂಡು ಒತ್ತಿಕೊಳ್ಳುವ ಹಿಮಾಲಯದಂಥ ಕಡೆ ನಡುಕ ಹೆಚ್ಚು. ನಾವು ಆ ಅಂಚಿನಿಂದ ದೂರ. ಆದರೆ ದೂರದಲ್ಲೂ ನೆಲದೊಳಗೆ ಹಳೆಯ ಬಿರುಕುಗಳಿರುತ್ತವೆ. ಕೊಯ್ನಾದಲ್ಲಿ ಅವುಗಳ ಮೇಲೆ ಅಣೆಕಟ್ಟಿನ ನೀರಿನ ಭಾರ ಬಿದ್ದಿದೆ. ನೀರು ಇಂಗಿ ಬಂಡೆಗಳ ಹಿಡಿತ ಸಡಿಲವಾದಾಗ, ಮೊದಲೇ ಒತ್ತಡದಲ್ಲಿದ್ದ ಬಂಡೆ ಜಾರುತ್ತದೆ. ಹೆಚ್ಚಿನವು ಸಣ್ಣ ನಡುಕಗಳೇ.

ಮೊದಲು ಡಬ್ಬಿಯವಳ ಬಾಗಿಲಿಗೆ ಹೋಗಿ ತಪ್ಪೊಪ್ಪಿಕೊಂಡೆ. ಅವಳು ಗ್ಯಾಸ್ ಆರಿಸಿ ಹೊರಬಂದಳು. “ಆಜೋಬಾ, ಜಿನ್ಕೋ ಬೋಲಾ, ಉನ್ಕೋ ಜಾಕೆ ಬೋಲೋ,” ಎಂದಳು. ಅಜ್ಜಾ, ಯಾರಿಗೆ ಹೇಳಿದಿರೋ ಅವರಿಗೇ ಹೋಗಿ ಹೇಳಿ ಎಂದು. ಕ್ಷಮಿಸಿದೆ ಎನ್ನಲಿಲ್ಲ.

ಎರಡು ಮನೆಯವರು ನಂಬಿದರು. ಮೂರನೆಯ ಮನೆಯ ಯಜಮಾನ ನಕ್ಕ. “ಅವತ್ತು ಹಂಗಂದ್ರಿ, ಇವತ್ತು ಬಂಡೆ, ನೀರು ಅಂತೀರಿ. ಯಾವುದು ಖರೇರಿ ಅಜ್ಜಾರ?”

ಒಳಗಿನಿಂದ ಅವನ ಹೆಂಡತಿ, “ಸುಳ್ಳು ಹೇಳಾಕ ಇಷ್ಟು ಪಾಠ ಕಲ್ತು ಯಾರರ ಬರ್ತಾರೇನ್ರಿ?” ಎಂದಳು.

“ಆತು, ನೋಡೂಣು. ಚಾ ಕುಡೀರಿ,” ಎಂದ ಯಜಮಾನ.

“ಚಾ ಬ್ಯಾಡ. ನಾಳಿಂದ ಡಬ್ಬಿ ಕಳಸು ಅಂತ ಆಕಿಗೆ ಫೋನ್ ಮಾಡ್ರಿ. ಅಲ್ಲೀತನಕ ನಾ ಏಳೂದಿಲ್ಲ.”

ಅವನು ಫೋನ್ ಕೈಗೆತ್ತಿಕೊಂಡು ನನ್ನನ್ನೇ ನೋಡಿದ. ನಾನು ಕುರ್ಚಿ ಬಿಡಲಿಲ್ಲ.