ಚಕ್ರದ ಹಿಂದಿನ ಕೆಂಪು

ಶ್ರೀರಾಂಪುರದ ಬಸ್ ನಿಲ್ದಾಣದ ಎದುರು ಬಾಡಿಗೆ ಕಾರುಗಳು ನಿಲ್ಲುವ ಸಾಲಿನಲ್ಲಿ ಕೆಂಚಣ್ಣನ ಕಾರು ಯಾವುದೆಂದು ಯಾರೂ ತೋರಿಸಿಕೊಡಬೇಕಿಲ್ಲ. ಕಣ್ಣು ಕುಕ್ಕುವಷ್ಟು ಬೆಳ್ಳಗಿರುವುದು ಯಾವುದೋ ಅದೇ ಅವನದು. ಉಳಿದ ಚಾಲಕರು ಕನ್ನಡಿ ಬೇಕಾದಾಗ ಅದರ ಬಾಗಿಲ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದರು. ಕೆಂಚಣ್ಣ ಬೈಯುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ.

ಮೀಸೆ ಮೂಡುವ ಮೊದಲಿನಿಂದಲೂ ಅವನು ಕುರಿ ಕಾಯ್ದವನು. ಬೇಸಿಗೆ ಬಂತೆಂದರೆ ಮಂದೆ ಹೊಡೆದುಕೊಂಡು ಭದ್ರಾ ನೀರಿನ ಗದ್ದೆ ಬಯಲಿನವರೆಗೆ ನಡೆಯುತ್ತಿದ್ದ. ಮೊಣಕಾಲು ತಕರಾರು ಶುರು ಮಾಡಿದ ಮೇಲೆ ಅಣ್ಣ ಮೂಡಲಗಿರಿಯಪ್ಪನೊಂದಿಗೆ ಮಂದೆ ಪಾಲು ಮಾಡಿಕೊಂಡು, ತನ್ನ ಪಾಲಿನ ಕುರಿ ಮಾರಿ, ಯಾರೋ ಓಡಿಸಿ ಬಿಟ್ಟ ಕಾರೊಂದನ್ನು ತಂದ. ಆದರೆ ಕುರಿ ಹೋದರೂ ಕುರಿಗಾರನ ಕೈ ಎಲ್ಲಿಗೆ ಹೋಗಬೇಕು? ಉಣ್ಣೆ ಕತ್ತರಿಸುವ ಮುಂಚೆ ಕುರಿಯ ಮೈ ತೊಳೆಯುವಂತೆ ದಿನಾ ಬೆಳಿಗ್ಗೆ ಬೋರ್‌ವೆಲ್ ಪೈಪು ಹಿಡಿದು ಕಾರಿನ ಮೈ ತೊಳೆದ. ಹೊಟ್ಟೆಯ ಕೆಳಗೂ, ಚಕ್ರದ ಸಂದಿಗೂ ನೀರು ಬಿಟ್ಟ. ತೊಳೆದದ್ದನ್ನು ಹಾಗೇ ಅಣ್ಣ ಕುರಿ ಕೂಡುವ ರೊಪ್ಪದ ಗೋಡೆಗೆ ಅಂಟಿದ ಕೊಟ್ಟಿಗೆಯಲ್ಲಿ ನಿಲ್ಲಿಸಿದ. ರೊಪ್ಪದ ಗಂಜಲ ಗೋಡೆಯ ಬುಡದಿಂದ ಜಿನುಗಿ ಅಲ್ಲಿಯ ನೆಲ ಯಾವಾಗಲೂ ಹಸಿ. ಬಾಡಿಗೆ ಸಿಗದ ದಿನಗಳಲ್ಲಿ ಕಾರು ಆ ಹಸಿಯ ಮೇಲೆ ಹಾಗೇ ನಿಂತಿರುತ್ತಿತ್ತು.

"ಸಮುದ್ರದ ಕಡೇರ ಕಾರು ನೋಡು, ಉಪ್ಪುಗಾಳಿಗೆ ತುಕ್ಕು ಹಿಡೀತವೆ. ನಮ್ಮ ದುರ್ಗದ ಸೀಮೆ ಒಣಹವೆ. ಇಲ್ಲಿ ತುಕ್ಕು ಅನ್ನೋ ಮಾತೇ ಇಲ್ಲ," ಎಂದು ಅವನು ಸಿಕ್ಕಿದವರಿಗೆಲ್ಲ ಪಾಠ ಹೇಳುತ್ತಿದ್ದ. ಚಕ್ರಗಳಿಗೆ ಬೆಳ್ಳಿ ಬಣ್ಣದ ತಟ್ಟೆ ಮುಚ್ಚಿಸಿದ್ದ. ಅದರ ಹಿಂದೆ ಏನಿದೆ ಎಂದು ಅವನು ಒಂದು ದಿನವೂ ನೋಡಿದವನಲ್ಲ. ಟ್ಯೂಬಿಲ್ಲದ ಟೈರು, ಮೊಳೆ ಚುಚ್ಚಿದರೆ ಹೊಸದುರ್ಗದ ಜಯಕುಮಾರ್ ತನ್ನ ಗ್ಯಾರೇಜಿನಲ್ಲಿ ಚಕ್ರ ಬಿಚ್ಚದೆಯೇ ತೂತಿಗೆ ರಬ್ಬರ್ ಬತ್ತಿ ತುರುಕಿ ಕಳಿಸುತ್ತಿದ್ದ. ಹೀಗಾಗಿ ಆ ಚಕ್ರಗಳು ವರ್ಷಾನುಗಟ್ಟಲೆ ಇದ್ದಲ್ಲೇ ಇದ್ದವು.

ಎರಡು ವರ್ಷದ ಹಿಂದೆ ಮುಂಗಾರು ಮುಗಿದ ಮೇಲೆ ಹೊಸದುರ್ಗದಲ್ಲಿ ಬೀಜ–ಗೊಬ್ಬರದ ಅಂಗಡಿ ಇಟ್ಟಿರುವ ಮಾರುತೇಶ್ ಹೆಣ್ಣು ನೋಡಲು ಹಿರಿಯೂರಿನ ಕಡೆಗೆ ಹೊರಟ. ಕೆಂಚಣ್ಣನದೇ ಕಾರು ಬೇಕೆಂದು ಹುಡುಗನ ತಾಯಿ ಕಮಲಮ್ಮ ಹಟ ಹಿಡಿದು ಹೇಳಿ ಕಳಿಸಿದ್ದಳು. ಹೆಣ್ಣಿನ ಮನೆ ಮುಂದೆ ಇಳಿಯುವಾಗ ಕಾರು ಹೊಳೆಯಬೇಕಲ್ಲ. ಹಿಂದಿನ ಸೀಟಿನಲ್ಲಿ ಕಮಲಮ್ಮನ ಎಡಪಕ್ಕ ಹುಡುಗನ ಸೋದರತ್ತೆ ತಿಪ್ಪಕ್ಕ ಕುಳಿತಳು. ತಿಪ್ಪಕ್ಕ ಕುಳಿತಳೆಂದರೆ ಕಾರಿನ ಆ ಮೂಲೆಯೂ ಕುಳಿತುಕೊಳ್ಳುತ್ತಿತ್ತು. ಅಷ್ಟು ಗಟ್ಟಿ ಹೆಂಗಸು.

ದಾರಿಯಲ್ಲಿ ಗಾಳಿಯಂತ್ರಗಳ ಗುಡ್ಡ ದಾಟಿದ ಮೇಲೆ, ರಸ್ತೆಯ ಅಂಚಿನ ಕಲ್ಲೊಂದು ಎಡಗಡೆಯ ಹಿಂದಿನ ಟೈರನ್ನು ಪಕ್ಕದಿಂದ ಸೀಳಿತು. ಬತ್ತಿಗೆ ಬಗ್ಗುವ ಗಾಯವಲ್ಲ.

"ಒಂದೈದು ನಿಮಿಷ ಕುಂತ್ಕಳ್ರಿ. ಸ್ಟೆಪ್ನಿ ತಯಾರೈತೆ," ಎಂದು ಕೆಂಚಣ್ಣ ತೋಳು ಮಡಿಸಿದ. ಅವನ ಗತ್ತು ನೋಡಿ ಮಾರುತೇಶನೂ ಕೆಳಗಿಳಿದ, ಕಲಿತುಕೊಳ್ಳುವವನಂತೆ.

ಬೋಲ್ಟು ಸಡಿಲಿಸಿ, ಜಾಕು ಎತ್ತಿ, ಬೋಲ್ಟುಗಳನ್ನೆಲ್ಲ ಬಿಚ್ಚಿ ಕೆಂಚಣ್ಣ ಚಕ್ರ ಹಿಡಿದು ಎಳೆದ. ಬರಲಿಲ್ಲ. ಕಾಲು ಒತ್ತುಕೊಟ್ಟು ಎಳೆದ. ಅಲುಗಲೂ ಇಲ್ಲ.

"ಬೋಲ್ಟೆಲ್ಲ ಬಿಚ್ಚಿದ್ಯೇನಣ್ಣ?" ಎಂದು ಮಾರುತೇಶ್ ಕೇಳಿದ.

"ಬಿಚ್ಚೀನಪ್ಪ. ಕೈಯಾಗೇ ಅವೆ ನೋಡು."

"ಮತ್ತೆ ಅದೇನು ಹಿಡ್ಕಂಡೈತೆ?"

ಕೆಂಚಣ್ಣ ಇನ್ನೊಮ್ಮೆ ಎಳೆದ. ಅವನಿಗೆ ಗೊತ್ತಿದ್ದದ್ದು ಒಣಹವೆಯ ಪಾಠ ಮಾತ್ರ. ಅದನ್ನು ಆ ಹೊತ್ತಿನಲ್ಲಿ ಹೇಳುವಷ್ಟು ದಡ್ಡನಲ್ಲ.

ಹೋಗುತ್ತಿದ್ದ ಟೆಂಪೋದವರು ಇಳಿದು ಬಂದರು. ಒಬ್ಬ ನೀರು ಹೊಯ್ಯಿ ಅಂದ. ಇನ್ನೊಬ್ಬ ಹೆಣ್ಣಿನ ಮನೆಗೆಂದು ಇಟ್ಟಿದ್ದ ಹಣ್ಣು–ಕಾಯಿಯ ಬುಟ್ಟಿ ಕಡೆ ನೋಡಿ, ಕೊಬ್ಬರಿ ಎಣ್ಣೆ ಏನಾದ್ರೂ ಐತಾ ಎಂದು ಕೇಳಿದ. ಮಾರುತೇಶ್ ಕೊನೆಗೆ ತಾಳಲಾರದೆ ರಸ್ತೆಗೆ ಕುಳಿತು ಹೊಸ ಬೂಟಿನ ಹಿಮ್ಮಡಿಯಿಂದ ಚಕ್ರಕ್ಕೆ ಒದ್ದ. ಕಾರು ಜಾಕಿನ ಮೇಲೆ ತೂಗಿತು, ಕಮಲಮ್ಮ ಒಳಗಿನಿಂದ ಕೂಗಿಕೊಂಡಳು. ಚಕ್ರ ಬರಲಿಲ್ಲ, ಬದಲಿಗೆ ಅದರ ಸಂದಿಯಿಂದ ಮೆಣಸಿನಪುಡಿಯಂಥದ್ದು ಉದುರಿ ಹುಡುಗನ ಕೆನೆಬಣ್ಣದ ಪ್ಯಾಂಟಿನ ಮೇಲೆಲ್ಲ ಚೆಲ್ಲಿತು. ಕೊಡವಿದಷ್ಟೂ ಹರಡಿತು.

"ಕೆಳಗಿಳೀರಿ ತಿಪ್ಪಕ್ಕ, ಜಾಕು ಜಾರಿದ್ರೆ ಕಷ್ಟ," ಎಂದ ಕೆಂಚಣ್ಣ.

"ಸೀರೆ ನೆರಿಗೆ ಇಡೋಕೆ ಅರ್ಧ ಬೆಳಿಗ್ಗೆ ಹೋಗೈತೆ. ಹೆಣ್ಣಿನ ಮನೆ ಬಂದ್ಮೇಲೇ ನಾನು ಇಳಿಯೋದು," ಎಂದಳು ತಿಪ್ಪಕ್ಕ.

ಕೆಂಚಣ್ಣ ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತ. ಬೇಲಿಯಲ್ಲಿ ಸಿಕ್ಕಿಕೊಂಡ ಟಗರನ್ನು ಎಳೆದಷ್ಟೂ ಅದು ಇನ್ನಷ್ಟು ಬಿಗಿದುಕೊಳ್ಳುತ್ತದೆ. ಸುಮ್ಮನೆ ಬಿಟ್ಟರೆ ತನ್ನ ಮೈಭಾರಕ್ಕೆ ತಾನೇ ಬಿಡಿಸಿಕೊಳ್ಳುತ್ತದೆ. ಇದು ಅವನಿಗೆ ಗೊತ್ತಿದ್ದ ವಿದ್ಯೆ. ಎದ್ದು ಬೋಲ್ಟುಗಳನ್ನು ಕೈಯಲ್ಲೇ ಸ್ವಲ್ಪ ಸಡಿಲವಿಟ್ಟು ತಿರುಗಿಸಿದ, ಜಾಕು ಇಳಿಸಿದ. "ಎಲ್ಲಾ ಒಳಗೆ ಕುಂತ್ಕಳ್ರಿ," ಎಂದವನೇ ಕಾರನ್ನು ಮೆಲ್ಲಗೆ ಒಂದು ಮಾರು ಮುಂದಕ್ಕೆ ಬಿಟ್ಟು ತಟ್ಟನೆ ಬ್ರೇಕು ಒತ್ತಿದ, ಮತ್ತೆ ಹಿಂದಕ್ಕೆ ಬಿಟ್ಟು ಒತ್ತಿದ. ತಿಪ್ಪಕ್ಕ ಕುಳಿತ ಮೂಲೆಯಿಂದ ಟಣ್ ಎಂದು ಸದ್ದು ಬಂತು.

"ಬಿಟ್ಕಂತು," ಎಂದ ಕೆಂಚಣ್ಣ.

"ನನ್ನ ತೂಕ ಇಷ್ಟು ದಿನ ಆಡ್ಕಂತಿದ್ರಲ್ಲ. ಇವತ್ತು ಯಾರು ಕಾಪಾಡಿದ್ದು?" ಎಂದು ತಿಪ್ಪಕ್ಕ ಕಮಲಮ್ಮನ ಕಡೆ ನೋಡಿದಳು.

ಮತ್ತೆ ಜಾಕು ಎತ್ತಿ ಚಕ್ರ ಕೈಗೆ ಬಂದಾಗ ಕೆಂಚಣ್ಣ ಬಗ್ಗಿ ಅದರ ಹಿಂದೆ ನೋಡಿದ. ಚಕ್ರ ಕೂರುವ ಹಬ್ಬಿನ ಮೇಲೆ ತುಕ್ಕು ಪದರ ಪದರವಾಗಿ, ಹಳೇ ಹುಣಿಸೆ ಮರದ ತೊಗಟೆಯಂತೆ ಎದ್ದು ನಿಂತಿತ್ತು. ಹೊರಗೆ ತಲೆ ಬಾಚುವಂಥ ಹೊಳಪು, ಒಳಗೆ ಈ ಅವತಾರ. ಹಾಲುಬಣ್ಣದ ಕಾರಿಗೆ ಕೆಂಚನೆಂಬ ಒಡೆಯ ಯಾಕೆ ಸಿಕ್ಕಿದನೋ ಎಂದು ಅವನಿಗೆ ಆಗ ಹೊಳೆಯಿತು.

ಹೆಣ್ಣಿನ ಮನೆಯ ಅಂಗಳದಲ್ಲಿ ಹುಡುಗಿಯ ಸೋದರಮಾವ, ಮಾರುತೇಶನ ಪ್ಯಾಂಟು ನೋಡುತ್ತಲೇ ಚಾಪೆ ಕೊಡವಿ ಹಾಸಿದ. ಕೆಂಚಣ್ಣ ಬಾಗಿಲ ಬಳಿ ನಿಂತವನು ತಾನಾಗಿಯೇ ಹೇಳಿದ. "ಹುಡುಗಂದು ಏನೂ ತಪ್ಪಿಲ್ಲ ಬಿಡ್ರಿ. ಕಾರು ನಂದು, ತುಕ್ಕೂ ನಂದೇ. ದಿನಾ ತೊಳೆದು ತೊಳೆದು ನಾನೇ ಸಾಕಿದ್ದೆ." ಒಳಗಿನಿಂದ ಹುಡುಗಿ ರಂಜಿತಾ ಕಿಸಕ್ಕನೆ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಅದರ ಮೇಲೆ ಮಾತು ಸಲೀಸಾಯಿತು. ಆ ಸಂಬಂಧ ಕುದುರಿದ್ದು ಕೆಂಚಣ್ಣನ ತುಕ್ಕಿನಿಂದಲೇ ಎಂದು ತಿಪ್ಪಕ್ಕ ಒಪ್ಪುವುದಿಲ್ಲ, ತನ್ನಿಂದ ಎನ್ನುತ್ತಾಳೆ.

ಮರುದಿನ ಕೆಂಚಣ್ಣ ಬಾಡಿಗೆಗೆ ಹೋಗಲಿಲ್ಲ. ಮನೆಯ ಮುಂದೆ ಕಾರಿನ ನಾಲ್ಕೂ ಚಕ್ರ ಬಿಚ್ಚಿ ಕಲ್ಲುಗಳ ಮೇಲೆ ನಿಲ್ಲಿಸಿ, ಮೂಗಿಗೆ ಟವೆಲ್ ಕಟ್ಟಿಕೊಂಡು ತಂತಿಬ್ರಷ್ಷಿನಿಂದ ಹಬ್ಬುಗಳನ್ನು ಉಜ್ಜಿದ. ಚಕ್ರದ ಒಳಮೈಯನ್ನೂ ಉಪ್ಪುಕಾಗದದಿಂದ ತಿಕ್ಕಿದ. ಮಧ್ಯಾಹ್ನದ ಹೊತ್ತಿಗೆ ಕಬ್ಬಿಣದ ನಿಜವಾದ ಬಣ್ಣ ಕಾಣಿಸಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಅವನ ಜಾಣತನದ ಕಥೆಯಾಗುತ್ತಿತ್ತು. ಆದರೆ ಅವನೊಳಗಿನ ಕುರಿಗಾರ ಎಚ್ಚರಗೊಂಡಿದ್ದ. ಕುರಿಯ ಗೊರಸಿಗೆ ಹುಣ್ಣಾದಾಗ ಬೇವಿನೆಣ್ಣೆಯನ್ನು ಬೆರಳ ತುದಿಯಲ್ಲಿ ಸವರಿ ಬಿಡುವವನಲ್ಲ ಅವನು, ಬೊಗಸೆಯಲ್ಲಿ ಬಳಿಯುವವನು. ಗ್ರೀಸಿನ ಡಬ್ಬಿ ತಂದು ಹಬ್ಬಿಗೆ ಬಳಿದ. ಮುಂದಿನ ಚಕ್ರಗಳಲ್ಲಿ ಬ್ರೇಕಿನ ಡಿಸ್ಕು ತಟ್ಟೆಗಳ ಮೇಲೂ ತೆಳ್ಳಗೆ ಕೆಂಪು ಕಂಡಿತು, ಅದಕ್ಕೂ ಬಳಿದ. ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ಮುಗಳನ್ನು ತಟ್ಟಿ ತೆಗೆದು ಒಳಗೂ ಬಳಿದ.

ಹೆಂಡತಿ ಏಕಾಂತಮ್ಮ ಮೊರ ಹಿಡಿದು ಹೊರಗೆ ಬಂದವಳು ನಿಂತು ನೋಡಿದಳು. "ಎಲ್ಲೆಲ್ಲಿ ಹಚ್ಬೇಕು ಅಂತ ಯಾರನ್ನಾದ್ರೂ ಕೇಳಿದ್ಯಾ?"

"ಯಾರನ್ನ ಕೇಳ್ಬೇಕು? ತುಕ್ಕು ಇರೋ ಕಡೆಗೆಲ್ಲ ಹಚ್ಚೋದು."

"ಬ್ರೇಕು ಹಿಡಿಯೋದು ಅಲ್ಲೇ ಅಲ್ವಾ?"

"ನೀನು ಜೋಳ ಕೇರು, ಹೋಗು," ಎಂದ ಕೆಂಚಣ್ಣ.

ಚಕ್ರ ತೊಡಿಸಿ, ಪರೀಕ್ಷೆ ನೋಡಲೆಂದು ಕುಳಿತು ಗಾಡಿ ಬಿಟ್ಟ. ಮನೆಯಿಂದ ಅಣ್ಣನ ರೊಪ್ಪದ ಕಡೆಗೆ ನೆಲ ಇಳಿಜಾರು. ಕಾರು ಬೆಣ್ಣೆಯ ಮೇಲೆ ಹೊರಟಂತೆ ಹೊರಟಿತು. ಅವನು ಬ್ರೇಕು ಒತ್ತಿದ. ಪೆಡಲು ಗಟ್ಟಿಯಾಗಿಯೇ ಇತ್ತು, ಆದರೆ ಕಾರು ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಎರಡೂ ಪಾದ ಇಟ್ಟು ಒತ್ತಿದ. ಕೈಬ್ರೇಕು ಎಳೆದ, ಅದರ ಡ್ರಮ್ಮಿಗೂ ಅವನೇ ಧಾರಾಳವಾಗಿ ಬಳಿದಿದ್ದನಲ್ಲ. ರೊಪ್ಪದ ಮುಂಬದಿಯ ಜಾಲಿಮುಳ್ಳಿನ ಬೇಲಿ ಮುರಿದುಕೊಂಡು ಕಾರು ಒಳಕ್ಕೆ ನುಗ್ಗಿ, ಗೊಬ್ಬರದ ಗುಡ್ಡೆಯಲ್ಲಿ ಬಾನೆಟ್ಟಿನವರೆಗೆ ಹೂತು ನಿಂತಿತು. ಪುಣ್ಯಕ್ಕೆ ಮಂದೆ ಮೇಯಲು ಹೋಗಿತ್ತು. ಪೆಟ್ಟು ತಿಂದದ್ದು ಬೇಲಿ ಮತ್ತು ಕೆಂಚಣ್ಣನ ಮರ್ಯಾದೆ.

ಮೂಡಲಗಿರಿಯಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಧಾನಕ್ಕೆ ಬಂದ. "ಏನಪ್ಪ, ಪಾಲು ಮಾಡ್ಕಂಡು ಹೋದ್ಮೇಲೂ ರೊಪ್ಪ ಬಿಡಂಗಿಲ್ವಾ?"

ಕೆಂಚಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಗೊಬ್ಬರ ಚೆನ್ನಾಗಿ ಕಳಿತೈತೋ ಇಲ್ವೋ ಅಂತ ನೋಡೋಕೆ ಬಂದೆ," ಎಂದ. ಅಣ್ಣ ನಕ್ಕ ಮೇಲೆ ತಾನೂ ನಕ್ಕ. ಕೆಳಗಿಳಿದು ಮುರಿದ ಬೇಲಿಯ ಕಡೆ ತಿರುಗಿ ನೋಡಿದ. ಇದೇ ಕೆಲಸ ಮಾಡಿ, ಪರೀಕ್ಷೆ ನೋಡದೆ, ನಾಲ್ಕು ಜನರನ್ನು ಕೂರಿಸಿಕೊಂಡು ಹೊಸದುರ್ಗದ ಸಂತೆ ಬೀದಿಗೆ ಇಳಿದಿದ್ದರೆ?

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಜಯಕುಮಾರನ ಗ್ಯಾರೇಜಿಗೆ ಎಳೆಸಿದರು. ಜಯಕುಮಾರ್ ಚಕ್ರ ಬಿಚ್ಚಿ, ಬ್ರೇಕಿನ ತಟ್ಟೆಯ ಮೇಲಿನ ಗ್ರೀಸನ್ನು ಬೆರಳಲ್ಲಿ ತೆಗೆದು ನೋಡಿದ.

"ಹೇಳಪ್ಪ, ಬೈಯಂಗಿದ್ರೆ ಬೈದುಬಿಡು," ಎಂದ ಕೆಂಚಣ್ಣ.

"ಹಬ್ಬು ಚೆನ್ನಾಗೇ ಉಜ್ಜೀಯ ಕೆಂಚಣ್ಣ, ಅದಕ್ಕೇನೂ ಅನ್ನಂಗಿಲ್ಲ. ಆದ್ರೆ ಬ್ರೇಕು ಅಂದ್ರೆ ಉಜ್ಜಿ ನಿಲ್ಲಿಸೋದು. ಅದನ್ನ ಜಾರೋ ಹಂಗೆ ಮಾಡಿದ್ರೆ ನಿಲ್ಲೋದು ಎಲ್ಲಿ? ತಟ್ಟೆ ಮೇಲಿನ ತೆಳು ಕೆಂಪು ತೊಳೆದಾಗೆಲ್ಲ ಬರ್ತೈತೆ, ಓಡಿಸಿ ಬ್ರೇಕು ಹಾಕಿದ್ರೆ ತಾನೇ ಹೋಗ್ತೈತೆ. ಗ್ರೀಸು ಬೇಕಾಗಿರೋದು ಚಕ್ರ ಕೂರೋ ಹಬ್ಬಿನ ಮುಖಕ್ಕೆ ಮಾತ್ರ, ಅದೂ ಬಿಸಿ ತಡಿಯೋ ಜಾತಿದು, ಕಾಡಿಗೆ ತೀಡಿದಷ್ಟು. ಬೋಲ್ಟಿನ ತಿರುಪಿನ ಸುತ್ತಿಗೂ ಬೇಡ." ಆಮೇಲೆ ಅವನೇ ತಲೆ ಕೆರೆದುಕೊಂಡ. "ನಂದೂ ತಪ್ಪೈತೆ ಬಿಡು. ಪಂಕ್ಚರ್‌ಗೆ ಬಂದಾಗ ಒಂದ್ಸಲನಾದ್ರೂ ಚಕ್ರ ಬಿಚ್ಚಿ ನೋಡಿದ್ದಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ."

ಗ್ರೀಸು ಕುಡಿದ ಬ್ರೇಕ್ ಪ್ಯಾಡು, ಶೂಗಳನ್ನು ಎಸೆದು ಹೊಸದು ಹಾಕಿದರು. ತಟ್ಟೆ, ಡ್ರಮ್ಮುಗಳಿಗೆ ಜಿಡ್ಡು ಬಿಡಿಸುವ ಔಷಧಿ ಸಿಂಪಡಿಸಿ ಒರೆಸಿದರು. ಕೆಂಚಣ್ಣ ಪಕ್ಕದಲ್ಲೇ ಕುಳಿತು, ಎಲ್ಲಿಗೆ ಗ್ರೀಸು, ಎಲ್ಲಿಗೆ ಬೇಡ ಎಂದು ಪ್ರತಿ ಜಾಗವನ್ನೂ ಬೆರಳಿಟ್ಟು ಕೇಳಿಕೊಂಡ.

ಈಗ ಕಾರು ನಿಲ್ಲುವುದು ಮನೆಯ ಮೂಡಣ ಬದಿಯ ಚಪ್ಪಡಿ ಕಲ್ಲಿನ ಮೇಲೆ, ಬಿಸಿಲಲ್ಲಿ. ತೊಳೆಯುವುದು ವಾರಕ್ಕೊಮ್ಮೆ. ತೊಳೆದ ಕೂಡಲೇ ಖಾಲಿ ಕಾರನ್ನು ಊರ ಹೊರಗಿನ ರಸ್ತೆಗೆ ಒಯ್ದು, ಹೋಗುತ್ತ ನಿಲ್ಲಿಸುತ್ತ, ಬ್ರೇಕು ಬೆಚ್ಚಗಾಗಿ ನೀರು ಆರುವವರೆಗೆ ಓಡಿಸುತ್ತಾನೆ. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಮೊದಮೊದಲು ಇವನಿಗೆ ಏನೋ ಆಗಿದೆ ಎಂದುಕೊಂಡಿದ್ದರು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಚಕ್ರ ಬಿಚ್ಚಿ ಹಬ್ಬು ಉಜ್ಜುತ್ತಾನೆ. ನಿಲ್ದಾಣದಲ್ಲಿ ಯಾರಾದರೂ ಹೊಸ ಚಾಲಕ ಬಂದರೆ, "ತುಕ್ಕಿನ ಬಗ್ಗೆ ಕೇಳ್ಬೇಕಾ, ಇಲ್ಲಿ ಕುಂತ್ಕ. ನಮ್ಮೂರಾಗೆ ನನ್ನಷ್ಟು ತಪ್ಪು ಮಾಡಿ ಕಲ್ತೋನು ಇನ್ನೊಬ್ಬ ಇಲ್ಲ," ಎಂದು ಗೊಬ್ಬರದ ಗುಡ್ಡೆಯಿಂದಲೇ ಶುರು ಮಾಡುತ್ತಾನೆ.

ಈ ಬೇಸಿಗೆಯಲ್ಲಿ ಏಕಾಂತಮ್ಮ ತಾನೂ ಕಾರು ಕಲಿಯುತ್ತೇನೆಂದಳು. ಬೇಡ ಎನ್ನಲು ಕೆಂಚಣ್ಣನಿಗೆ ಬಾಯಿ ಬರಲಿಲ್ಲ. ಹೊಸದುರ್ಗದ ದಾರಿಯ ತೆಂಗಿನ ತೋಟಗಳ ನಡುವೆ ಅವಳು ಸ್ಟೀರಿಂಗು ಹಿಡಿದು ಕುಳಿತರೆ, ಪಕ್ಕದಲ್ಲಿ ಅವನು ಬ್ರೇಕಿಲ್ಲದ ಕಡೆ ಕಾಲೊತ್ತುತ್ತ ಕುಳಿತಿರುತ್ತಾನೆ. ಮೊನ್ನೆ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಏಕಾಂತಮ್ಮ ಸದ್ದಿಲ್ಲದೆ ಪೆಡಲು ಒತ್ತಿದಳು, ಪಕ್ಕದಲ್ಲಿ ಕೆಂಚಣ್ಣ ಬರಿಯ ನೆಲ ಒತ್ತಿ ಹಿಡಿದ. ಕಾರು ಎಮ್ಮೆಯಿಂದ ಬೇಕಾದಷ್ಟು ದೂರದಲ್ಲಿಯೇ ನಿಂತಿತು.

"ಕಾಲು ತೆಗಿ ಇನ್ನ, ನಿಂತೈತೆ," ಎಂದಳು ಅವಳು.