ಸೀಟಿ ಊದದ ಡ್ರಿಲ್ ಮಾಸ್ತರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಳೆದ ತಿಂಗಳು ಹೊನ್ನಾವರದ ಹೆದ್ದಾರಿಯ ಬದಿಯಲ್ಲಿ ನಾನು ಕೂತಿದ್ದ ರಿಕ್ಷಾ ಪಂಚರಾಯಿತು. ಪಂಚರ್ ಅಂಗಡಿಯವನು ಟ್ಯೂಬಿನ ಮೇಲೆ ರಬ್ಬರಿನ ತುಂಡನ್ನಿಟ್ಟು ಬಿಸಿ ಒತ್ತಿದಾಗ ಎದ್ದ ವಾಸನೆಗೆ ನನ್ನ ಎದೆ ಕಾರಣವಿಲ್ಲದೆ ಹೊಡೆದುಕೊಳ್ಳತೊಡಗಿತು. ಅದು ಭಯವೆಂದು ತಿಳಿಯಿತು, ಯಾವ ಭಯವೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಮ್ಮ ಡ್ರಿಲ್ ಮಾಸ್ತರು ನೆನಪಾದರು. ಆದರೆ ಅವರ ಕಥೆಯಲ್ಲಿ ನನ್ನ ಕಣ್ಣೆದುರು ರಬ್ಬರು ಸುಟ್ಟದ್ದೇ ಇಲ್ಲ. ಹಾಗಿರುವಾಗ ಈ ವಾಸನೆ ಅದಕ್ಕೆ ಎಲ್ಲಿಂದ ಬಂದು ಅಂಟಿಕೊಂಡಿತು... ನನ್ನ ನೆನಪನ್ನು ನಾನು ಪೂರ್ತಿ ನಂಬದಿರುವುದು ಇಂಥ ಕಾರಣಗಳಿಗೇ.

ಅರವತ್ತರ ದಶಕದ ಮೊದಲ ವರ್ಷಗಳು. ಶರಾವತಿಗೆ ಸೇತುವೆ ಇನ್ನೂ ಆಗಿರಲಿಲ್ಲ. ಕುಮಟೆಯ ಕಡೆಯಿಂದ ಹೋದವರು ಹೊನ್ನಾವರದ ಬಂದರಿನಲ್ಲಿ ಇಳಿದು, ಲಾಂಚು ಹತ್ತಿ ಹೊಳೆ ದಾಟಿ, ಆಚೆ ದಡದಲ್ಲಿ ಬೇರೆ ಗಾಡಿ ಹಿಡಿಯಬೇಕಿತ್ತು. ಅಪ್ಪನಿಗೆ ಕುಮಟೆಯ ಪೇಟೆಯಲ್ಲಿ ಕಿರಾಣಿ ಅಂಗಡಿ, ಅದರ ಜೊತೆಗೆ ಒಂದು ಬಾಡಿಗೆ ಕಾರು. ಕಾರನ್ನು ಅಣ್ಣ ಓಡಿಸುತ್ತಿದ್ದ. ಆಚೆ ದಡದಲ್ಲಿ ಭಟ್ಕಳದ ನವಾಯತ ಮುಸ್ಲಿಂ ಯುವಕನೊಬ್ಬ ಅಂಥದೇ ಕಾರು ಇಟ್ಟಿದ್ದ. ಅವರಿಬ್ಬರಿಗೂ ಒಂದೇ ಬೆಂಕಿಕಡ್ಡಿಯಲ್ಲಿ ಬೀಡಿ ಹಚ್ಚಿಕೊಳ್ಳುವಷ್ಟು ಸಲಿಗೆ. ಆದರೆ ಕಾರು ಓಡಿಸುವುದರಲ್ಲಿ ಇಬ್ಬರಲ್ಲಿ ಯಾರ ಕೈ ಜೋರು ಎಂಬ ಚರ್ಚೆ ಬಂದರಿನ ಚಹಾದಂಗಡಿಯಲ್ಲಿ ಹುಟ್ಟಿ, ಎರಡೂ ದಡಗಳಲ್ಲಿ ಬೆಳೆಯಿತು. ಹೊನ್ನಾವರದವರಿಗೆ ಎರಡು ಊರೂ ಒಂದೇ. ಅವರಿಗೆ ಬೇಕಾದದ್ದು ಕೂತು ನೋಡಲು ಒಂದು ಜಗಳ. ಹಾಗೆ ಕುಮಟೆಯಿಂದ ಹೊನ್ನಾವರದ ಬಂದರಿನ ತನಕ ಒಂದು ಪಂದ್ಯವೆಂದು ನಿಶ್ಚಯವಾಯಿತು.

ತೀರ್ಪು ಹೇಳುವ ಪಂಚರು ಯಾರು ಎಂದಾಗ ಎರಡೂ ಕಡೆಯವರು ಒಪ್ಪಿದ್ದು ಡ್ರಿಲ್ ಮಾಸ್ತರನ್ನು. ಅವರು ನಮ್ಮ ಪಕ್ಕದ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದರು. ಉದ್ದನೆಯ ಆಳು, ಮಾತು ಕಡಿಮೆ. ಶಾಲೆಯ ಹುತುತು ಆಟದಲ್ಲಿ ಹೆಡ್‌ಮಾಸ್ತರರ ಮಗನನ್ನೇ ಔಟೆಂದು ಹೊರಗೆ ಕೂರಿಸಿದವರು. ಹೆಣ್ಣುಮಕ್ಕಳಿಗೆ ಡ್ರಿಲ್ ಎಂತಕ್ಕೆ ಎಂದು ಯಾರೋ ಕೇಳಿದಾಗ, ‘ಅವರಿಗೂ ಬೆನ್ನುಮೂಳೆ ಉಂಟಲ್ಲ’ ಎಂದು ಮುಂದಕ್ಕೆ ಹೋದವರು. ಸಂಜೆ ಅಪ್ಪನ ಅಂಗಡಿಯ ಹಲಗೆಯ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುವುದು ಅವರ ರೂಢಿ. ನನಗೆ ಅವರನ್ನು ಕಂಡರೆ ಹೆದರಿಕೆಯೂ ಇತ್ತು, ಅವರು ನಮ್ಮವರೆಂಬ ಜಂಬವೂ ಇತ್ತು.

ಪಂದ್ಯದ ಬೆಳಿಗ್ಗೆ ಚಳಿ ಇತ್ತು. ಹಿಂದಿನ ದಿನವೇ ಭಟ್ಕಳದ ಕಾರನ್ನು ಎರಡು ದೋಣಿ ಕಟ್ಟಿದ ಹಲಗೆಯ ಮೇಲೆ ಹೊಳೆ ದಾಟಿಸಿ ತಂದಿದ್ದರು. ಜೊತೆಗೆ ಅಲ್ಲಿನವರ ಒಂದು ಸೈನ್ಯವೇ ಬಂದಿತ್ತು. ಎರಡು ಕಾರುಗಳು ಪಕ್ಕಪಕ್ಕ ನಿಂತವು. ಅಮ್ಮ ನಮ್ಮ ಕಾರಿಗೆ ಕಾಯಿ ಒಡೆದು, ಟಯರುಗಳ ಕೆಳಗೆ ಇಡಲು ಲಿಂಬೆಹಣ್ಣು ಕೊಟ್ಟಳು. ಇಟ್ಟವರು ಮಾಸ್ತರು. ಹಿಂದಿನ ಟಯರಿನ ಬಳಿ ಕುಕ್ಕರುಗಾಲಲ್ಲಿ ಕೂತವರು ಏಳಲಿಲ್ಲ. ಕೈಯನ್ನು ಟಯರಿನ ಒಳಮಗ್ಗುಲಿಗೆ ಹಾಕಿ ಅಲ್ಲಿಯೇ ಇಟ್ಟುಕೊಂಡಿದ್ದರು.

‘ಇಲ್ಲಿ ಬಾ ತಮ್ಮಾ. ಇದೆಂತ ಉಬ್ಬು?’

ಅಣ್ಣ ಬಗ್ಗಿಯೂ ನೋಡಲಿಲ್ಲ. ‘ಅದು ಮೊದಲಿಂದ್ಲೂ ಇದ್ದದ್ದೇ. ಒಳಗೆ ಹಳೇ ಟಯರಿನ ತುಂಡು ಹಾಕ್ಸಿದ್ದೆ. ಗಟ್ಟಿ ಉಂಟು.’

ಆಗ ಎಲ್ಲರೂ ಮಾಡುತ್ತಿದ್ದದ್ದೇ ಅದು. ಹೊಸ ಟಯರು ಸಿಗುವುದು ದುರ್ಲಭ. ಹರಿದ ಕಡೆ ಒಳಗಿನಿಂದ ತುಂಡು ಕೊಟ್ಟು ಓಡಿಸುತ್ತಿದ್ದರು. ಮಾಸ್ತರು ಎದ್ದು ನಿಂತು, ಈ ಟಯರಿನ ಮೇಲೆ ಪಂದ್ಯ ಬೇಡ, ಬದಲಿಸಿದರೆ ಸೀಟಿ ಊದುತ್ತೇನೆ ಎಂದರು. ನಮ್ಮ ಸ್ಟೆಪ್ನಿ ಅದಕ್ಕಿಂತ ಬೋಳು. ಭಟ್ಕಳದ ಡ್ರೈವರ್ ತಡ ಮಾಡದೆ ತನ್ನ ಡಿಕ್ಕಿ ತೆರೆದ.

‘ನಮ್ಮ ಸ್ಟೆಪ್ನಿ ತಕೊಳ್ಳಿ ಮಾಸ್ತರ್. ಒಂದೇ ಸೈಜು. ಪಂದ್ಯ ಮುಗಿದ ಮೇಲೆ ವಾಪಸ್ ಕೊಟ್ರೆ ಆತು.’

ಅವನು ಮನಸಾರೆ ಹೇಳಿದ್ದನೆಂದು ನನಗೆ ಇಂದಿಗೂ ಅನಿಸುತ್ತದೆ. ಅಣ್ಣನ ಕೈ ಆ ಟಯರಿನ ಕಡೆ ಚಾಚಿತ್ತು ಕೂಡ. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಯಾರೋ ಒಬ್ಬರು ಕೇಳಿದರು: ‘ಭಟ್ಕಳದ ಚಕ್ರದ ಮೇಲೆ ಕೂತು ಕುಮಟೆ ಗೆದ್ರೆ, ಗೆದ್ದದ್ದು ಯಾರು ಮಾರಾಯಾ?’

ಜನ ನಕ್ಕರು. ಅಣ್ಣ ಕೈ ಹಿಂದಕ್ಕೆ ತೆಗೆದುಕೊಂಡ.

ಮುಂದಿನದು ನನಗೆ ತುಂಡು ತುಂಡಾಗಿ ಇದೆ. ಓಡಿದರೆ ಇದೇ ಟಯರಿನ ಮೇಲೆ ಎಂದು ಅಣ್ಣ. ಹಾಗಾದರೆ ಇಲ್ಲ ಎಂದು ಮಾಸ್ತರು. ಭಟ್ಕಳದ ಕಡೆಯವರು, ಕುಮಟೆಯವರು ಸೋಲುವ ಹೆದರಿಕೆಗೆ ಟಯರಿನ ನೆವ ತೆಗೆದರು ಎಂದರು. ನಮ್ಮವರು, ‘ಮಾಸ್ತರಿಗೆ ಭಟ್ಕಳದ ಹಲ್ವಾ ಮುಟ್ಟಿದೆ’ ಎಂದರು. ಅಪ್ಪನೇ ಮಾಸ್ತರ ಹತ್ತಿರ ಹೋಗಿ, ಟಯರಿನ ವಿಷಯ ನಿಮಗೆ ಎಷ್ಟು ಗೊತ್ತು ಎಂದು ಕೇಳಿದರು. ‘ಎಂತದೂ ಗೊತ್ತಿಲ್ಲ. ಕೈಗೆ ಸಿಕ್ಕದ್ದನ್ನ ಇಲ್ಲ ಅನ್ನೋಕೆ ಆಗ್ತಿಲ್ಲ’ ಎಂದರು ಮಾಸ್ತರು. ಸೀಟಿಯನ್ನು ಜೇಬಿಗೆ ಹಾಕಿಕೊಂಡು, ಜನರ ನಡುವಿನಿಂದ ಮನೆಯ ಕಡೆ ನಡೆದರು. ಯಾರೂ ಅವರಿಗೆ ದಾರಿ ಬಿಡಲಿಲ್ಲ. ಅವರೇ ಮೈ ಓರೆ ಮಾಡಿಕೊಂಡು ಹೋದರು. ಪಂದ್ಯ ಅಲ್ಲಿಗೆ ಮುಗಿಯಿತು.

ಆ ಮಧ್ಯಾಹ್ನ ಅಂಗಡಿಯ ಮುಂದೆ ಸೇರಿದವರ ಎದುರು ಅಣ್ಣ ಶಪಥ ಮಾಡಿದ. ಮಳೆಗಾಲ ಬರುವ ತನಕ ಇದೇ ಟಯರಿನ ಮೇಲೆ ಕಾರು ಓಡಿಸಿ ತೋರಿಸುತ್ತೇನೆ ಎಂದ. ಅಮ್ಮ ಒಳಗಿನಿಂದ, ‘ಬಾಯಿ ಮುಚ್ಚು’ ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಅಲ್ಲಿಂದ ಶುರುವಾದದ್ದೇ ನಿಜವಾದ ಪಂದ್ಯ. ಕಾರು ಪೇಟೆಗೆ ತಿರುಗಿ ಬಂದಾಗಲೆಲ್ಲ ಜನ ಮೊದಲು ನೋಡುತ್ತಿದ್ದದ್ದು ಹಿಂದಿನ ಟಯರನ್ನು. ‘ಒಡೀತಾ?’ ‘ಇಲ್ಲ.’ ‘ಮಾಸ್ತರಿಗೆ ಹೇಳಿ ಬನ್ನಿ.’ ಮಾಸ್ತರ ಪರವಾಗಿಯೂ ನಾಲ್ಕು ಜನ ಇದ್ದರು. ಅವರ ವಾದ ಕೇಳಿದರೆ ಇನ್ನೂ ಹೆದರಿಕೆಯಾಗುತ್ತಿತ್ತು. ಬೇಸಿಗೆ ಬರಲಿ, ರಸ್ತೆ ಕಾಯಲಿ, ಆಗ ನೋಡಿ ಎನ್ನುತ್ತಿದ್ದರು. ಅವರು ಗೆಲ್ಲಬೇಕಾದರೆ ನನ್ನ ಅಣ್ಣ ಎಲ್ಲಾದರೂ ಕಂದಕಕ್ಕೆ ಬೀಳಬೇಕಿತ್ತು. ಅದನ್ನು ಅವರು ನಮ್ಮದೇ ಅಂಗಡಿಯ ಬೆಲ್ಲ ಬಾಯಿಗೆ ಹಾಕಿಕೊಂಡು ಮಾತಾಡುತ್ತಿದ್ದರು.

ಮಾಸ್ತರು ಅಂಗಡಿಯ ಹಲಗೆಗೆ ಬರುವುದನ್ನು ಬಿಟ್ಟರು. ಬದಲಿಗೆ ಸಂಜೆ ಹೊತ್ತು ಊರ ಹೊರಗಿನ ಸುಂಕದ ನಾಕೆಯ ಹತ್ತಿರ, ಅಡ್ಡಗಂಬದ ಬಳಿ ಸೈಕಲ್ ಹಿಡಿದು ನಿಲ್ಲುತ್ತಿದ್ದರು. ತಿರುಗಾಡಲು ಹೋಗುತ್ತಾರೆಂದು ನಾನು ತಿಳಿದಿದ್ದೆ. ಶಿವರಾತ್ರಿಯ ದಿನ ಅಣ್ಣ ಯಾಣದ ಭಕ್ತರನ್ನು ಕಾಡುದಾರಿಯ ಬುಡದವರೆಗೆ ಬಿಟ್ಟು ಬರಲು ದಿನವಿಡೀ ಓಡಾಡಿದ. ಅಂದು ಅಮ್ಮ ನನ್ನನ್ನು ನಾಕೆಯವರೆಗೆ ನೋಡಿ ಬರಲು ಕಳಿಸಿದಳು. ಮಾಸ್ತರು ಅಲ್ಲಿದ್ದರು. ಕಾರು ಬಂದು, ನಮ್ಮನ್ನು ದಾಟಿ, ಧೂಳೆಬ್ಬಿಸಿ ಹೋಯಿತು. ಅಣ್ಣ ಹಾರ್ನು ಹೊಡೆದ. ಸಲಾಮೋ ಅಣಕವೋ ಗೊತ್ತಾಗಲಿಲ್ಲ. ಮಾಸ್ತರು ಸೈಕಲ್ ತಿರುಗಿಸಿದರು.

‘ಬಂದನಲ್ಲ. ಆತು, ನಡಿ ತಂಗಿ’ ಎಂದರು. ಸ್ವಲ್ಪ ದೂರ ಬಂದ ಮೇಲೆ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, ‘ಅದು ಒಡೆಯೋದು ಬೇಡ. ನಾನೇ ಸುಳ್ಳಾದ್ರೆ ಸಾಕು’ ಎಂದರು.

ಈ ಮಾತನ್ನು ನಾನು ಸೃಷ್ಟಿಸಿಕೊಂಡಿಲ್ಲವೆಂದು ಹೇಗೆ ಹೇಳಲಿ... ಆಮೇಲೆ ಧಾರವಾಡದಲ್ಲಿ ಓದುವಾಗ ಡೈರಿ ಬರೆಯುವ ಅಭ್ಯಾಸವಾಯಿತು, ಅಂದು ಆಗಿರಲಿಲ್ಲ. ಆದರೆ ಸೈಕಲ್ಲಿನ ಸರಪಳಿಯ ಕಿರ್ ಕಿರ್ ಸದ್ದಿನ ಜೊತೆಗೇ ಈ ಮಾತು ನನಗೆ ಕೇಳಿಸುತ್ತದೆ. ಅಷ್ಟನ್ನು ನಂಬುತ್ತೇನೆ.

ಬೇಸಿಗೆಯ ಕೊನೆಯಲ್ಲಿ ಅಣ್ಣ ಮದುವೆಯ ಜನರನ್ನು ಸಂತೆಗುಳಿಗೆ ಬಿಡಲು ಹೋದ. ಖಾಲಿ ಕಾರಿನಲ್ಲಿ ಒಬ್ಬನೇ ತಿರುಗಿ ಬರಬೇಕಿತ್ತು. ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಅಪ್ಪ ಅಂಗಡಿಯ ಬಾಗಿಲು ಅರ್ಧ ಎಳೆದು ನಾಕೆಗೆ ಬಂದರು. ಅವರ ಹಿಂದೆ ನಾವು. ನಮ್ಮ ಹಿಂದೆ, ದಿನವೂ ವಾದ ಮಾಡುತ್ತಿದ್ದವರು. ಅಂದು ಒಬ್ಬರ ಬಾಯಿಂದಲೂ ‘ಒಡೀತಾ’ ಎಂಬ ಮಾತು ಹೊರಡಲಿಲ್ಲ. ಮಾಸ್ತರು ಅಪ್ಪನ ಮುಖವನ್ನು ಒಮ್ಮೆ ನೋಡಿದರು, ಸೈಕಲ್ ಹತ್ತಿ ಸಂತೆಗುಳಿಯ ರಸ್ತೆ ಹಿಡಿದರು. ಅವರ ಬಿಳಿ ಅಂಗಿ ತಿರುವಿನಲ್ಲಿ ಮರೆಯಾಗುವ ತನಕ ಅಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಎಷ್ಟು ಹೊತ್ತು ನಿಂತೆವೋ ತಿಳಿಯದು. ಕೊನೆಗೆ ಕಾರಿನ ದೀಪ ಕಂಡಿತು. ಮೆಲ್ಲಗೆ, ಎತ್ತಿನ ಗಾಡಿಯ ಹಾಗೆ ಬಂತು. ಮೇಲೆ ಸೈಕಲ್ ಕಟ್ಟಿತ್ತು. ಅಣ್ಣನ ಪಕ್ಕದಲ್ಲಿ ಮಾಸ್ತರು ಕೂತಿದ್ದರು. ಇಬ್ಬರ ಬಟ್ಟೆಯೂ ಕೆಂಪು ಮಣ್ಣು. ಹಿಂದಿನ ಚಕ್ರಕ್ಕೆ ಬೋಳು ಸ್ಟೆಪ್ನಿ ಬಿದ್ದಿತ್ತು.

‘ಟಯರು ಎಲ್ಲಿ?’ ಯಾರೋ ಕೇಳಿದರು.

ಅಣ್ಣ ಸ್ಟೇರಿಂಗ್ ಮೇಲಿನ ಕೈ ತೆಗೆಯಲಿಲ್ಲ. ಮಾಸ್ತರೇ ಕೆಳಗಿಳಿದು ಹೇಳಿದರು. ‘ಪಂಚರು. ಮೊಳೆ ಹೊಕ್ಕಿತ್ತು, ಅಷ್ಟೆ. ತೆಗೆದಿಟ್ಟದ್ದು ಹಳ್ಳಕ್ಕೆ ಉರುಳಿ ಹೋತು, ಕತ್ತಲಲ್ಲಿ ಸಿಗಲಿಲ್ಲ. ಟಯರು ಗಟ್ಟಿಯೇ ಇತ್ತು. ಅವತ್ತು ಪಂದ್ಯ ನಿಲ್ಲಿಸಿದ್ದು ನನ್ನ ತಪ್ಪು.’

ಊರಿಗೆ ಇಷ್ಟು ಸಾಕಾಯಿತು. ಚಹಾದಂಗಡಿಗಳಲ್ಲಿ ವಾದ ಮುಗಿಯಿತು; ಭಟ್ಕಳದವರಿಗೂ ಸುದ್ದಿ ಹೋಯಿತು. ಮಾಸ್ತರ ಪರವಾಗಿದ್ದ ನಾಲ್ವರು ಎಲ್ಲರಿಗಿಂತ ಹೆಚ್ಚು ಅವರನ್ನು ಬೈದರು. ಶಾಲೆಯ ಹುಡುಗರು ಡ್ರಿಲ್ ತಾಸಿನಲ್ಲಿ, ‘ಮಾಸ್ತರೇ, ಚೆಂಡಲ್ಲಿ ಉಬ್ಬು ಉಂಟು’ ಎಂದು ನಗತೊಡಗಿದರು. ಮಳೆಗಾಲದಲ್ಲಿ ಶಾಲೆ ತೆರೆದಾಗ ಪಕ್ಕದ ಮನೆಯ ಹೊರಕೋಣೆಗೆ ಬೀಗ ಬಿದ್ದಿತ್ತು. ಬೇರೆ ಊರಿಗೆ ವರ್ಗ ಮಾಡಿಸಿಕೊಂಡರಂತೆ.

ಅಣ್ಣ ಅಂಗಡಿಯ ಮುಂದೆ ಕೂತು ಮತ್ತೆ ಯಾರ ಹತ್ತಿರವೂ ಕಾರಿನ ಬಡಾಯಿ ಕೊಚ್ಚಲಿಲ್ಲ. ಸಂತೆಗುಳಿಯಿಂದ ತಿರುಗಿ ಬಂದ ರಾತ್ರಿ ಅಮ್ಮ ಅವನ ಮೊಣಕೈಗೆ ಅರಿಸಿನ ಹಚ್ಚಿದ್ದು ನನಗೆ ನೆನಪಿದೆ. ಕಾರಿನ ಮಗ್ಗುಲು ಕಲ್ಲಿಗೆ ಉಜ್ಜಿದಂತೆ ಕೆರೆದುಹೋಗಿದ್ದದ್ದೂ ನೆನಪಿದೆ. ಆದರೆ ಇವೆರಡನ್ನೂ ನಾನು ದೊಡ್ಡವಳಾದ ಮೇಲೆ ಸೇರಿಸಿಕೊಂಡಿರಬಹುದು.

ಮಾಸ್ತರು ತೀರಿಹೋಗಿ ಬಹಳ ವರ್ಷಗಳಾದವು. ಸುದ್ದಿ ನಮಗೆ ತಲುಪುವಾಗಲೇ ಹಳೆಯದಾಗಿತ್ತು. ಹೋಗಿ ನೋಡಲು ಯಾರ ಮನೆ, ಯಾವ ಊರು ಎಂದೂ ನಮಗೆ ಗೊತ್ತಿರಲಿಲ್ಲ... ಅಷ್ಟು ಹತ್ತಿರವಿದ್ದವರ ವಿಳಾಸವನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಟ್ಟುಕೊಂಡಿರಲಿಲ್ಲ.

ಹೊನ್ನಾವರದಿಂದ ಬಂದ ಮರುದಿನ ಕುಮಟೆಗೆ ಹೋದೆ. ಅಣ್ಣನಿಗೆ ಈಗ ಎಂಬತ್ತು ದಾಟಿದೆ. ಕಿವಿ ಚುರುಕಾಗಿಯೇ ಇದೆ. ಅತ್ತಿಗೆ ಒಳಗೆ ಹೋದ ಮೇಲೆ, ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿದೆ. ಅವನು ಅಂಗಳದ ಕಡೆ ಮುಖ ತಿರುಗಿಸಿದ. ಆಮೇಲೆ ಎರಡು ಸಲ ಫೋನು ಮಾಡಿದ. ಮಳೆಯ ವಿಷಯ ಮಾತಾಡಿದ, ಮೊಮ್ಮಗಳ ವಿಷಯ ಮಾತಾಡಿದ, ಇದನ್ನು ಎತ್ತಲಿಲ್ಲ. ನಾನು ಕೇಳಿದ್ದು ಇಷ್ಟೇ: ‘ಅಣ್ಣ, ಟಯರು ಒಡೆದಿದ್ರೂ ತಪ್ಪು ತನ್ನದು ಅಂತ ಮಾಸ್ತರು ಊರ ಮುಂದೆ ಹೇಳಿದ್ರಲ್ಲ, ಹಾಗೆ ಹೇಳಿ ಅಂತ ದಾರಿಯಲ್ಲಿ ನೀನು ಕೇಳ್ಕೊಂಡಿದ್ದಾ?’